ಹಾಲುವಾಣ ನೆಟ್ಟು ಉಳಿಸುವ ಕ್ರಮ: ಕೊಡಗಿನ ಕಾಫಿ ತೋಟಗಳಿಗೆ

ಜುಲೈ ತಿಂಗಳಲ್ಲಿ ಮಳೆ ತುಸು ಹೊಳವಾದ ದಿನ ತೋಟಕ್ಕೆ ಹೋಗಿ, ಕಾಫಿಗೆ ನೆರಳಾಗಿ ನೆಟ್ಟ ಮೂರು ನಾಲ್ಕು ವರ್ಷದ ಹಾಲುವಾಣದ ಮರದ ಬುಡದಿಂದ ಎರಡಡಿ ದೂರದಲ್ಲಿ ತರಗೆಲೆ ಸರಿಸಿ, ಬೆರಳಿನಿಂದಲೇ ಮಣ್ಣು ಕೆದಕಿ ನೋಡಿ. ತೆಳ್ಳಗಿನ ಬೇರುಗಳ ಪಕ್ಕಕ್ಕೆ ಅಂಟಿಕೊಂಡಂತೆ ಜೋಳದ ಕಾಳಿನಿಂದ ಕಡಲೆಯವರೆಗಿನ ಗಾತ್ರದ ಗಂಟುಗಳು ಸಿಗುತ್ತವೆ. ಒಂದನ್ನು ಬಿಡಿಸಿ ಬ್ಲೇಡಿನಿಂದ ಸೀಳಿದಾಗ ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಕಂಡರೆ ಆ ಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದು ತಿಳಿಯಬಹುದು. ಹಸಿರು ಅಥವಾ ಕಂದು ಬಣ್ಣವಿದ್ದರೆ ಅದರ ಕೆಲಸ ಮುಗಿದಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಾ ವಾಸಿಸುವ ಗಂಟು ಬೇರಿನ ಪಕ್ಕದಲ್ಲಿರುತ್ತದೆ, ಉಗುರು ತಾಗಿಸಿದರೆ ಕಳಚಿ ಬರುತ್ತದೆ. ಮಣ್ಣಿನ ಜಂತುಹುಳುವಿನ (ನೆಮಟೋಡ್) ಬಾಧೆಯಿಂದ ಆದ ಗಂಟಿನಲ್ಲಾದರೆ ಬೇರೇ ಊದಿಕೊಂಡಿರುತ್ತದೆ, ಕಿತ್ತರೆ ಬೇರೇ ತುಂಡಾಗುತ್ತದೆ. ಎರಡನೆಯದು ಕಂಡ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಯೋಚನೆಯನ್ನು ಕೈಬಿಡಬೇಕು, ಏಕೆಂದರೆ ಅದೇ ಹುಳು ಬಳ್ಳಿಯ ಬೇರಿಗೂ ಇಳಿಯುತ್ತದೆ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಅಲಾಸ್ಕಾದ ಆಗ್ನೇಯ ಭಾಗದಿಂದ ಕ್ಯಾಲಿಫೋರ್ನಿಯಾದವರೆಗೆ, ಮಣ್ಣಿಗೆ ಸಾರಜನಕ ಕೂಡಿಸುವ ಇದೇ ಕೆಲಸವನ್ನು ರೆಡ್ ಆಲ್ಡರ್ ಎಂಬ ಮರ ಮಾಡುತ್ತದೆ. ಅದರ ಬೇರಿನಲ್ಲಿರುವುದು ಫ್ರಾಂಕಿಯಾ ಎಂಬ ಬೇರೆಯೇ ಸೂಕ್ಷ್ಮಜೀವಿ. ತೊಗಟೆ ಕೆತ್ತಿದರೆ ಒಳಭಾಗ ಕೆಂಪೇರುವುದರಿಂದ ಆ ಮರಕ್ಕೆ ಆ ಹೆಸರು. ಕಾಡು ಕಡಿದ ಜಾಗದಲ್ಲಿ, ಬೆಂಕಿ ಬಿದ್ದ ಜಾಗದಲ್ಲಿ, ಗುಡ್ಡ ಜರಿದ ಬರಿಮಣ್ಣಿನಲ್ಲಿ ಮೊದಲು ತಲೆಯೆತ್ತುವ ಈ ಮರವನ್ನು ಡಗ್ಲಸ್ ಫರ್ ಎಂಬ ನಾಟದ ಮರ ಬೆಳೆಸುವವರು ಬಹುಕಾಲ ಕಳೆಯೆಂದು ಭಾವಿಸಿ ಔಷಧಿ ಹೊಡೆದು ಕೊಲ್ಲುತ್ತಿದ್ದರು. ಇಂದು ಅದರ ನಾಟ ಪೀಠೋಪಕರಣಗಳಿಗೆ, ಅಡುಗೆಮನೆಯ ಕಪಾಟುಗಳಿಗೆ, ಎಲೆಕ್ಟ್ರಿಕ್ ಗಿಟಾರಿನ ಒಡಲಿಗೆ ಹೋಗುತ್ತದೆ. ಸಾಲ್ಮನ್ ಮೀನಿಗೆ ಹೊಗೆ ಕೊಡಲು ಅದರ ಸೌದೆಯನ್ನೇ ಹುಡುಕುತ್ತಾರೆ. ನಮ್ಮ ದೇಶದಲ್ಲಿಯೂ ಆಲ್ಡರ್‌ನ ಹಿಮಾಲಯದ ಬಂಧು ಇದೆ. ಸಿಕ್ಕಿಂನಲ್ಲಿ ಅದು ದೊಡ್ಡ ಏಲಕ್ಕಿಗೆ ನೆರಳು ಕೊಟ್ಟರೆ, ನಾಗಾಲ್ಯಾಂಡಿನ ಖೊನೊಮಾದಲ್ಲಿ ಅದರ ತಲೆ ಕಡಿದು ಚಿಗುರಿಸುತ್ತ, ಬುಡದಲ್ಲಿ ಬೇಸಾಯ ಮಾಡುತ್ತ ಬಂದಿದ್ದಾರೆ.

ಆಲ್ಡರ್ ಮಣ್ಣಿಗೂ ಆಗುತ್ತದೆ, ನಾಟಕ್ಕೂ ಆಗುತ್ತದೆ. ಕೊಡಗಿನಲ್ಲಿ ಈ ಎರಡು ಕೆಲಸಗಳು ಎರಡು ಮರಗಳಿಗೆ ಹಂಚಿಹೋಗಿವೆ. ಮಣ್ಣಿನ ಕೆಲಸ ಹಾಲುವಾಣದ್ದು, ಹಣದ ಕೆಲಸ ಸಿಲ್ವರ್ ಓಕ್‌ನದು. ಹಾಲುವಾಣದ ಮರ ಮೆತ್ತಗಿರುವುದರಿಂದ ನಾಟಕ್ಕೆ ಬಾರದು, ಸೌದೆಯಾಗಿಯೂ ಹೆಚ್ಚು ಹೊತ್ತು ಉರಿಯದು. ಹಾಗಾಗಿ ವ್ಯಾಪಾರಿ ಅದನ್ನು ಕೇಳಿ ಬರುವುದಿಲ್ಲ, ಬೆಳೆಗಾರರೂ ಅದರ ಲಾಭವನ್ನು ಲೆಕ್ಕ ಪುಸ್ತಕದಲ್ಲಿ ಬರೆಯುವುದಿಲ್ಲ. ಸತ್ತ ಹಾಲುವಾಣದ ಜಾಗದಲ್ಲೆಲ್ಲ ಸಿಲ್ವರ್ ಓಕ್ ಸಸಿಯನ್ನೇ ಇಡುತ್ತ ಹೋದ ತೋಟಗಳಲ್ಲಿ, ಬೇಗ ಕರಗದ ಒರಟು ಎಲೆ ನೆಲದ ಮೇಲೆ ಹಾಸಿಕೊಂಡಿರುತ್ತದೆ ಮತ್ತು ಗೊಬ್ಬರದ ಚೀಲಗಳ ಸಂಖ್ಯೆ ಏರುತ್ತ ಹೋಗುತ್ತದೆ. ಸಿಲ್ವರ್ ಓಕ್ ಬೇಡವೆಂದು ನಾನು ಹೇಳುವುದಿಲ್ಲ. ಹಾಲುವಾಣವನ್ನು ತೆಗೆದು ಅದನ್ನು ಇಡಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ.

ಗೂಟ ಆರಿಸುವುದು ಮತ್ತು ನೆಡುವುದು

ಹಾಲುವಾಣವನ್ನು ಬೀಜದಿಂದ ಬೆಳೆಸಬಹುದಾದರೂ ತೋಟದಲ್ಲಿ ಗೂಟ ನೆಡುವುದೇ ರೂಢಿ. ಮುಳ್ಳು ಕಡಿಮೆ ಇರುವ, ನೇರವಾಗಿ ಏರಿದ, ಎಲೆ ದಟ್ಟವಾಗಿರುವ ತಾಯಿಮರವನ್ನು ಒಂದು ವರ್ಷ ಮೊದಲೇ ಗುರುತಿಸಿಟ್ಟುಕೊಳ್ಳಿ. ಎರಡು ವರ್ಷ ತುಂಬಿದ, ಮುಂಗೈ ದಪ್ಪದ ಕೊಂಬೆಗಳನ್ನು ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಕಡಿದು, ಸುಮಾರು ಎರಡು ಮೀಟರ್ ಉದ್ದದ ತುಂಡುಗಳನ್ನಾಗಿ ಮಾಡಿ, ಬುಡ ಕೆಳಗಾಗಿ ನೆರಳಿನಲ್ಲಿ ಒರಗಿಸಿಡಬೇಕು. ನೆಲದ ಮೇಲೆ ಅಡ್ಡಡ್ಡ ರಾಶಿ ಹಾಕಿದರೆ ತೊಗಟೆ ಜಜ್ಜಿ ಕೊಳೆಯುತ್ತದೆ. ಮೇ ಹೊತ್ತಿಗೆ ಗೂಟದಲ್ಲಿ ಸಣ್ಣ ಮೊಗ್ಗುಗಳು ಕಣ್ಣು ಬಿಡುತ್ತವೆ. ಕಣ್ಣು ಬಿಡದ ಗೂಟವನ್ನು ಗುಂಡಿಯವರೆಗೆ ಹೊತ್ತು ತರುವ ಅಗತ್ಯವೇ ಇಲ್ಲ.

ಮುಂಗಾರು ನಿಂತು ಸುರಿಯಲು ಆರಂಭಿಸಿ ಮಣ್ಣು ಒಂದಡಿಗಿಂತ ಆಳಕ್ಕೆ ನೆನೆದ ಮೇಲೆ ನೆಡುವುದು ಸೂಕ್ತ. ಹಾರೆಯಿಂದ 40ರಿಂದ 50 ಸೆಂಟಿಮೀಟರ್ ಆಳದ ಕಿರಿದಾದ ಗುಂಡಿ ತೆಗೆದು, ಗೂಟ ಇಳಿಸಿ, ಸುತ್ತಲೂ ಮಣ್ಣು ತುಂಬುತ್ತ ತುಂಬುತ್ತ ಹಾರೆಯ ಹಿಂಬದಿಯಿಂದ ಗಿಡಿಯಬೇಕು. ಗೂಟವನ್ನು ಹಿಡಿದು ಅಲ್ಲಾಡಿಸಿದಾಗ ಅದು ಕದಲಬಾರದು. ನೆಟ್ಟ ಗೂಟ ಸಾಯುವುದಕ್ಕೆ ನಾನು ಕಂಡ ಮಟ್ಟಿಗೆ ಮುಖ್ಯ ಕಾರಣ ಬುಡದಲ್ಲಿ ಉಳಿದ ಗಾಳಿ ಮತ್ತು ಅಲ್ಲಿ ನಿಂತ ನೀರು. ಗುದ್ದಲಿಯಿಂದ ಅಗಲ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದ ಕಡೆ ಈ ಸಾವು ಹೆಚ್ಚು. ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿದರೆ ಮಳೆನೀರು ಒಳಗಿಳಿದು ಕೊಳೆಯುವುದು ತಪ್ಪುತ್ತದೆ.

ಹೊಸ ತೋಟದಲ್ಲಿ ಎರಡು ಕಾಫಿ ಗಿಡಗಳಿಗೆ ಒಂದರಂತೆ ಗೂಟ ನೆಟ್ಟು, ಮೇಲಿನ ಹಂತದ ಶಾಶ್ವತ ಮರಗಳು ಏರುತ್ತ ಬಂದಂತೆ ಬಿಡಿಸುತ್ತ ಹೋಗಬಹುದು. ಅತ್ತಿ, ಬಸರಿ, ನಂದಿ, ಹೊನ್ನೆ, ಬೀಟೆ, ಹಲಸು ಮುಂತಾದ ಆ ಮೇಲಿನ ಮರಗಳಿಗೆ ಕೊನೆಯಲ್ಲಿ 12ರಿಂದ 14 ಮೀಟರ್ ಅಂತರ ಉಳಿದರೆ ಸಾಕು. ಅವುಗಳಲ್ಲಿ ಬೀಟೆ ಮತ್ತು ಹೊನ್ನೆ ಕೂಡ ಬೇರುಗಂಟು ಕಟ್ಟುವ ಜಾತಿಯವು ಎಂಬುದನ್ನು ಹಲವರು ಗಮನಿಸಿರುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಹಾಲುವಾಣವೊಂದನ್ನೇ ನಂಬಬಾರದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜರಿದುದನ್ನು ಕಂಡ ಮೇಲೆ, ಅಂಥ ಕಡೆ ಆಳಕ್ಕೆ ಬೇರು ಬಿಡುವ ಕಾಡುಮರಗಳನ್ನು ಮೊದಲು ಉಳಿಸಿ, ಅವುಗಳ ನಡುವಿನ ತೆರಪಿಗೆ ಮಾತ್ರ ಹಾಲುವಾಣ ಹಾಕುವುದು ವಿವೇಕ.

ಮೊದಲ ಬೇಸಿಗೆ ಗೂಟಕ್ಕೆ ಪರೀಕ್ಷೆಯ ಕಾಲ. ಪಡುವಣ ಬಿಸಿಲು ತಾಗುವ ಬದಿಗೆ ತೆಳು ಸುಣ್ಣ ಬಳಿಯಿರಿ, ಇಲ್ಲವೇ ಕತ್ತಾಳೆ ಎಲೆ ಕಟ್ಟಿರಿ. ಕೊಡಗಿನ ಮಣ್ಣು ಹುಳಿಯಾಗಿರುವುದರಿಂದ ಬೇರುಗಂಟುಗಳು ಸರಿಯಾಗಿ ಕಟ್ಟದೆ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟು ಕೃಷಿಸುಣ್ಣವನ್ನು ಕೊಡುವುದರಿಂದ ಕಾಫಿಗೂ ಹಾಲುವಾಣಕ್ಕೂ ಒಟ್ಟಿಗೆ ಒಳಿತಾಗುತ್ತದೆ. ಮರದ ಬುಡಕ್ಕೇ ಯೂರಿಯಾ ಸುರಿಯುವುದು ಮಾತ್ರ ತಪ್ಪು. ಸಾರಜನಕ ಸುಲಭವಾಗಿ ಸಿಕ್ಕಾಗ ಮರ ಗಂಟು ಕಟ್ಟುವ ಶ್ರಮಕ್ಕೆ ಹೋಗುವುದಿಲ್ಲ.

ಮರಗಸಿ: ಯಾವಾಗ, ಎಷ್ಟು

ಹಾಲುವಾಣದ ಬೆಲೆಯೆಲ್ಲ ಮರಗಸಿಯ, ಅಂದರೆ ನೆರಳುಮರದ ಕೊಂಬೆ ಕಡಿಯುವ ಕೆಲಸದ, ಕಾಲಜ್ಞಾನದಲ್ಲಿದೆ. ಮಳೆಗಾಲದ ಮಬ್ಬಿನಲ್ಲಿ ಕಾಫಿಗೆ ಬೆಳಕು ಬೇಕು, ಬೇಸಿಗೆಯ ಉರಿಯಲ್ಲಿ ನೆರಳು ಬೇಕು. ಹಾಗಾಗಿ ಮುಂಗಾರು ಹಿಡಿದುಕೊಳ್ಳುವ ಜೂನ್ ತಿಂಗಳಲ್ಲಿ ಕೊಂಬೆ ತೆಗೆದರೆ, ಮಳೆ ಮುಗಿಯುವಷ್ಟರಲ್ಲಿ ಮತ್ತೆ ಚಿಗುರಿ, ಜನವರಿಯ ಹೊತ್ತಿಗೆ ಮರ ಪುನಃ ಕೊಡೆ ಹಿಡಿದು ನಿಂತಿರುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡಗಿನ ಆಯುಧಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ ದೊಡ್ಡ ಕೊಂಬೆಗೆ ಕತ್ತಿ ಹಾಕಬಾರದು ಎಂಬುದು ನಾನು ಪಾಲಿಸುವ ನಿಯಮ.

ಈ ನಿಯಮವನ್ನು ನಾನು ನಷ್ಟದಿಂದ ಕಲಿತೆ. ಒಂದು ವರ್ಷ ಆಳು ಸಿಕ್ಕಿದ್ದೇ ಸಾಕೆಂದು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ವಾರದಲ್ಲಿ ಅರೇಬಿಕಾದ ಒಂದು ಪಟ್ಟಿಯ ನೆರಳನ್ನು ತೆರೆಸಿದೆ. ಬಿಳಿ ಕಾಂಡಕೊರಕದ ದುಂಬಿಗಳು ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಹೊರಬಂದು ಹಾರಾಡುತ್ತವೆ, ಮತ್ತು ಬಿಸಿಲು ಬಿದ್ದ ಕಾಂಡವನ್ನೇ ಮೊಟ್ಟೆಯಿಡಲು ಹುಡುಕುತ್ತವೆ. ಮರುವರ್ಷ ಆ ಪಟ್ಟಿಯಲ್ಲಿ ಎಲೆ ಹಳದಿಯಾಗಿ, ಕಾಂಡದ ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಕಾಣಿಸಿಕೊಂಡ ಗಿಡಗಳನ್ನು ಕಿತ್ತು ಸುಡಬೇಕಾಯಿತು. ಪಕ್ಕದ ಪಟ್ಟಿಯಲ್ಲಿ ನೆರಳು ಹಾಗೆಯೇ ಇತ್ತು, ಗಿಡಗಳೂ ಉಳಿದವು. ರೊಬಸ್ಟಾಕ್ಕೆ ಈ ಭಯ ಅಷ್ಟಾಗಿಲ್ಲ, ಅದಕ್ಕೆ ನೆರಳೂ ಕಡಿಮೆ ಸಾಕು.

ಕಡಿಯುವಾಗ ಮರವನ್ನು ಪೂರ್ತಿ ಬೋಳಿಸಬಾರದು. ಎಲೆಯೆಲ್ಲ ಹೋದ ಮರದಲ್ಲಿ ಬೇರುಗಂಟುಗಳು ಸತ್ತು ಉದುರುತ್ತವೆ. ಅವುಗಳ ಸಾರಜನಕ ಮಣ್ಣಿಗೆ ಸೇರುವುದು ನಿಜವಾದರೂ, ಹೊಸ ಗಂಟು ಕಟ್ಟಲು ಮತ್ತೆ ವಾರಗಟ್ಟಲೆ ಬೇಕಾಗುತ್ತದೆ. ತುದಿಯ ಒಂದೆರಡು ಎಲೆಗೊಂಬೆ ಉಳಿಸಿದರೆ ಆ ಕೆಲಸ ಪೂರ್ತಿ ನಿಲ್ಲುವುದಿಲ್ಲ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಅರ್ಧ ಇಂಚು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿದರೆ ತೊಗಟೆ ಸೀಳಿ ಬುಡದವರೆಗೆ ಹರಿಯದು. ಬಿದ್ದ ಸೊಪ್ಪನ್ನು ತುಂಡು ಮಾಡಿ ಸಾಲುಗಳ ನಡುವೆ ಹರಡಬೇಕು. ಕಾಫಿಯ ಬುಡಕ್ಕೆ ಒತ್ತಿಡಬಾರದು. ಹಸಿಸೊಪ್ಪು ಕೆಲವೇ ವಾರಗಳಲ್ಲಿ ಕರಗಿಬಿಡುವುದನ್ನು ನೋಡಿದರೆ ಈ ಮರದ ಲಾಭ ಎಲ್ಲಿ ಹೋಗಿ ಸೇರುತ್ತದೆಂಬುದು ತಾನಾಗಿ ತಿಳಿಯುತ್ತದೆ. ಮೆಣಸಿನ ಬಳ್ಳಿಯಿರುವ ಮರಗಳಿಗೆ ಮಳೆಯ ಮುನ್ನ ಗಾಳಿ ಬೆಳಕು ಬಿಡಿಸುವುದು ಸೊರಗು ರೋಗವನ್ನು ತಗ್ಗಿಸುವುದಕ್ಕೂ ನೆರವಾಗುತ್ತದೆ.

ಮರಗಸಿಗೆ ಏರುವವರ ಜೀವ ಎಲ್ಲಕ್ಕಿಂತ ಮೊದಲು. ಹಾಲುವಾಣದ ಒದ್ದೆ ತೊಗಟೆ ಜಾರುತ್ತದೆ, ಕೊಂಬೆ ಸೂಚನೆ ಕೊಡದೆ ಮುರಿಯುತ್ತದೆ. ಸೊಂಟಕ್ಕೆ ಹಗ್ಗವಿಲ್ಲದೆ ಯಾರನ್ನೂ ಏರಿಸಬೇಡಿ. ವಿದ್ಯುತ್ ತಂತಿ ಹಾದಿರುವ ಕಡೆ ಅಲ್ಯೂಮಿನಿಯಂ ಏಣಿಯನ್ನು ಒಯ್ಯಲೇಬಾರದು; ಲೈನ್‌ಮನ್‌ಗೆ ತಿಳಿಸಿ, ಲೈನ್ ನಿಲ್ಲಿಸಿದ ಮೇಲೆಯೇ ಕೆಲಸ ಶುರುವಾಗಲಿ.

ಎಲೆತೊಟ್ಟು ಮತ್ತು ಎಳೆಚಿಗುರು ಊದಿ ಸುರುಟಿಕೊಂಡಿದ್ದರೆ ಅದು ಗಂಟುಕಣಜದ ಕೆಲಸ. ಈ ಶತಮಾನದ ಮೊದಲ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದ ಈ ಪುಟ್ಟ ಕೀಟ ಅನೇಕ ಹಾಲುವಾಣಗಳನ್ನು ಬಡವಾಗಿಸಿದೆ. ಊದಿದ ಚಿಗುರನ್ನು ಕತ್ತರಿಸಿ ಅಲ್ಲಿಯೇ ಸುಡಬೇಕು, ಅಂಥ ಮರದಿಂದ ಗೂಟ ತೆಗೆಯಬಾರದು.

ನಾಟದ ಲೆಕ್ಕ

ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ. ನೇರವಾಗಿ ಬೆಳೆಯುತ್ತದೆ, ಮೆಣಸಿಗೆ ಆಸರೆಯಾಗುತ್ತದೆ, ಪ್ಲೈವುಡ್‌ಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತದೆ. ಮಾರುವ ಮೊದಲು ಅಳತೆಯ ಕ್ರಮವನ್ನು ತಿಳಿದಿರಬೇಕು. ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ ಘನ ಅಡಿ ತೆಗೆಯುವ ಪದ್ಧತಿಯಿದೆ. ದಿಮ್ಮಿಯ ನಡುವಿನ ಸುತ್ತಳತೆ 48 ಇಂಚು, ಉದ್ದ 20 ಅಡಿ ಇದ್ದರೆ, 12ನ್ನು 12ರಿಂದ ಗುಣಿಸಿ, 20ರಿಂದ ಗುಣಿಸಿ, 144ರಿಂದ ಭಾಗಿಸಿದಾಗ 20 ಘನ ಅಡಿ ಬರುತ್ತದೆ. ಅದೇ ದಿಮ್ಮಿಯ ನಿಜವಾದ ಗಾತ್ರ ಸುಮಾರು 25 ಘನ ಅಡಿ. ಈ ವ್ಯತ್ಯಾಸ ಮೋಸವಲ್ಲ, ಪದ್ಧತಿಯ ಸ್ವಭಾವ. ಆದರೆ ಘನ ಅಡಿಗೆ ಇಷ್ಟೆಂದು ದರ ಒಪ್ಪುವ ಮೊದಲೇ ಯಾವ ಅಳತೆ, ತೊಗಟೆ ಸೇರಿಸಿಯೋ ಬಿಟ್ಟೋ, ಸುತ್ತಳತೆ ನಡುವಿನದೋ ತುದಿಯದೋ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಕಡಿದ ದಿಮ್ಮಿಯನ್ನು ತೋಟದಲ್ಲಿ ಮಳೆಗೆ ಬಿಡಬಾರದು. ರೆಡ್ ಆಲ್ಡರ್ ದಿಮ್ಮಿ ಬಿಸಿ ಹವೆಯಲ್ಲಿ ಬಹುಬೇಗ ಕಲೆಗಟ್ಟುವುದರಿಂದ ಅಲ್ಲಿಯವರು ತಡಮಾಡದೆ ಗರಗಸಕ್ಕೆ ಕೊಡುತ್ತಾರೆ. ತಿಳಿಬಣ್ಣದ ಸಿಲ್ವರ್ ಓಕ್‌ಗೂ ಅದೇ ಮಾತು ಸಲ್ಲುತ್ತದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಸಿಲ್ವರ್ ಓಕ್ ಮತ್ತು ಹಾಲುವಾಣ ಎರಡೂ ಇವೆ. ಬೀಟೆ, ಹೊನ್ನೆ, ನಂದಿಗಳನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಕೊಡಗಿನ ಜಮ್ಮಾ ಬಾಣೆಗಳಲ್ಲಿ (ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಸೇರಿದ ಮರಗಾಡಿನ ಜಮೀನು) ಮರದ ಹಕ್ಕು ಜಮೀನಿನ ದಾಖಲೆಯನ್ನು ಅವಲಂಬಿಸಿರುವುದರಿಂದ, ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ನೋಡಿಕೊಂಡು, ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಕೊಡಲಿ ಎತ್ತಬೇಕು.

ಮರ ಬಿದ್ದ ಜಾಗದಲ್ಲಿ ಆಕಾಶ ತೆರೆದುಕೊಳ್ಳುತ್ತದೆ. ಮಾರಾಟ ಸಾಮಾನ್ಯವಾಗಿ ಕೊಯ್ಲು ಮುಗಿದ ಬೇಸಿಗೆಯಲ್ಲಿ ನಡೆಯುವುದರಿಂದ, ಎಷ್ಟು ಸಿಲ್ವರ್ ಓಕ್ ಕೊಡಲಿದ್ದೀರೆಂದು ತೀರ್ಮಾನಿಸಿದ ದಿನವೇ ಒಂದಕ್ಕೆ ಎರಡರಂತೆ ಹಾಲುವಾಣದ ಗೂಟಗಳನ್ನು ಎಣಿಸಿ ಕಡಿಸಿ ನೆರಳಿನಲ್ಲಿ ನಿಲ್ಲಿಸಿರಿ; ಜೂನ್‌ನಲ್ಲಿ ಕಡಿದ ಬೊಡ್ಡೆಯ ಎರಡೂ ಬದಿಗೆ, ಮೂರಡಿ ಬಿಟ್ಟು, ಅವು ನೆಲಕ್ಕಿಳಿಯಲಿ.