ದಿನಕ್ಕೊಂದು ಸಿಲ್ವರ್ ಮರ

ಈ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಓಡ್ತಿರುವಾಗಲೇ ನನ್ನ ಕುದುರೆ ಚುಕ್ಕಿ ಮೇಲೆ ಕೂತು ಅದರ ಪಕ್ಕದಲ್ಲೇ ಹಾದು ಬಂದೆ. ನಮ್ಮ ದೊಡ್ಡಪ್ಪ ಗೇಟಿನ ಹತ್ತಿರ ನಿಂತು ನೋಡಿದರು, ಏನೂ ಹೇಳಲಿಲ್ಲ. ಅವರು ಏನೂ ಹೇಳಲಿಲ್ಲ ಅಂದ್ರೆ ಫಸ್ಟ್ ಕ್ಲಾಸ್ ಪಾಸು ಅಂತ ಅರ್ಥ. ಹಾಗಾಗಿ ಕುದುರೆಯಿಂದ ಬಿದ್ದ ಮೇಲೆ ಬಂದ ಹೆದರಿಕೆ ಹೇಗೆ ಬಿಟ್ಟಿತು ಅಂತ ಧೈರ್ಯವಾಗಿ ಬರೀತಿದ್ದೀನಿ.

ಬಿದ್ದದ್ದು ಹಿಂದಿನ ವರ್ಷ ಮಾರ್ಚ್‌ನಲ್ಲಿ. ಸಕಲೇಶಪುರದ ಆಚೆ ನಮ್ಮ ತೋಟ, ರೋಬಸ್ಟಾ ಕಾಫಿಗೆ ಬ್ಲಾಸಮ್ ನೀರು, ಅಂದ್ರೆ ಹೂ ಬಿಡಿಸೋ ನೀರು ಕೊಡ್ತಿದ್ವಿ. ಜೆಟ್, ಅಂದ್ರೆ ಸ್ಪ್ರಿಂಕ್ಲರ್, ನಿಂತಿದೆ ಅಂತ ಹತ್ತಿರ ಹೋದೆ. ಪಂಪಿನ ಹುಡುಗ ಅದೇ ಹೊತ್ತಿಗೆ ವಾಲ್ವ್ ತಿರುಗಿಸಿದ. ಪೈಪಲ್ಲಿದ್ದ ಗಾಳಿ ಬುಸ್ ಅಂತು, ಆಮೇಲೆ ಟಕ್ ಟಕ್ ಟಕ್ ಚರ್ರ್. ಚುಕ್ಕಿ ಎಡಕ್ಕೆ ನೆಗೆದಳು, ನಾನು ಬಲಕ್ಕೆ. ಕಾಲರ್ ಬೋನ್ ಮುರೀತು, ಹೆಲ್ಮೆಟ್ ಬಿರುಕು ಬಿಡ್ತು. ಗೊಬ್ಬರ ಹಾಕ್ತಿದ್ದ ಹದಿನೈದು ಹದಿನಾರು ಜನ ನೋಡಿದರು. ಅದು ಮೂಳೆಗಿಂತ ಹೆಚ್ಚು ನೋವಾಯ್ತು.

ಆಸ್ಪತ್ರೆಗೆ ಹತ್ತಿರ ಹತ್ತಿರ 70,000. ಹೊಸ ಹೆಲ್ಮೆಟ್ 6,000. ಒಮ್ಮೆ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬಾರದು ಅಂತ ಗೊತ್ತಿದ್ದೂ ನಾಲ್ಕು ದಿನ ಫೆವಿಕ್ವಿಕ್ ಹಾಕೋ ಯೋಚನೆ ಮಾಡಿದ್ದೆ. ಆರು ವಾರ ಕೈ ಜೋಳಿಗೆಯಲ್ಲಿ. ಮನೆಯವಳು ಒಂದೇ ಮಾತು ಹೇಳಿದಳು: "ನೋಡಿ, ಅದನ್ನ ಮಾರಿ ಎರಡು ಹಸು ಕಟ್ಟಿ. ಹಾಲಾದ್ರೂ ಬರುತ್ತೆ."

ಮೂಳೆ ಕೂಡಿತು. ಆದರೆ ಜೀನು ಕಟ್ಟೋಕೆ ಹೋದರೆ ಹೊಟ್ಟೆಪಟ್ಟಿಯ ಬಕಲ್ ತೂತಿಗೆ ಸೇರ್ತಾನೇ ಇರಲಿಲ್ಲ, ಬೆರಳು ಅಷ್ಟು ನಡುಗೋದು. ಚುಕ್ಕಿ ಕತ್ತು ತಿರುಗಿಸಿ ನನ್ನ ಕೈಯನ್ನೇ ನೋಡೋಳು. ಹತ್ತೊಂಬತ್ತನೇ ವಯಸ್ಸಿಂದ ಸವಾರಿ ಮಾಡಿದವನು ನಾನು, ಈಗ ನಲವತ್ತಾರು. ಸೈಕಲ್ಲಿಗೆ ಹೆದರೋ ಹುಡುಗನ ಹಾಗೆ ಆಗಿದ್ದೆ.

"ಬಿದ್ದ ಕೂಡ್ಲೇ ಹತ್ತಬೇಕಿತ್ತು" ಅಂತ ಎಲ್ಲರೂ ಹೇಳಿದರು. ಮುರಿದ ಮೂಳೆ ಇಟ್ಕೊಂಡು ಹೇಗೆ ಹತ್ತೋದು ಅಂತ ಯಾರೂ ಹೇಳಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ರೈಡಿಂಗ್ ಶಾಲೆಗೆ ಹೋದೆ, ಕ್ಲಾಸಿಗೆ 1,500ರ ಹಾಗೆ ಹನ್ನೆರಡು ಕ್ಲಾಸು. ಅಲ್ಲಿ ಕಲಿಸೋ ಆತ "ಹೆದರಿಕೆ ಅನ್ನೋದು ತಲೇಲಿ ಸಾರ್" ಅಂತ ಮೂರನೇ ದಿನವೇ ಕುದುರೆ ಓಡೋ ವೇಗಕ್ಕೆ, ಅಂದ್ರೆ ಕ್ಯಾಂಟರ್‌ಗೆ ಬಿಟ್ಟ. ಅಲ್ಲಿ ಬೀಳಲಿಲ್ಲ, ಆದರೆ ವಾಪಸ್ ಬರುವಾಗ ಶಿರಾಡಿ ಬಸ್ಸಿನಲ್ಲಿ ಹಾಸನ ಬರೋ ತನಕ ನನ್ನ ತೊಡೆ ನಡುಗ್ತಿತ್ತು. ಆಮೇಲೆ 11,000 ಕೊಟ್ಟು ಎದೆ ಕವಚ ತಂದೆ. ಅದನ್ನು ಹಾಕಿದ ಕೂಡಲೇ "ಈಗ ಬೀಳೋದೇ ಸೈ" ಅನ್ನಿಸೋದು. ಒಂದು ಸಂಜೆ ಬ್ರಾಂದಿ ಒಂದು ಪೆಗ್ ಹಾಕಿ ಹತ್ತಿದೆ. ಧೈರ್ಯವೇನೋ ಬಂತು, ಬ್ಯಾಲೆನ್ಸ್ ಹೋಯ್ತು. ಯಾರೂ ಮಾಡಬೇಡಿ.

ಅತಿ ದೊಡ್ಡ ತಪ್ಪು ಕಡಿವಾಣದ್ದು. ಅವಳು ನಿಲ್ತಿಲ್ಲ ಅಂತ ಗಟ್ಟಿ ಕಡಿವಾಣ ತರಿಸಿದೆ, 3,500. ಹಾಕಿದ ಮೇಲೆ ಇನ್ನೂ ಜಾಸ್ತಿ ಎಳೆದಾಡೋಳು. ಕುಣಿಗಲ್ ಕಡೆಯ ಹಳೇ ಸೈಸ್ (ಕುದುರೆ ನೋಡಿಕೊಳ್ಳೋರು) ಒಬ್ಬರು ಲಾಳ ಹೊಡೆಯೋರ ಜೊತೆ ಬಂದಿದ್ದರು. ನಾನು ಹತ್ತಿ ಹತ್ತು ಹೆಜ್ಜೆ ಹಾಕೋದನ್ನು ನೋಡಿ ನಕ್ಕುಬಿಟ್ಟರು. "ಗೌಡ್ರೇ, ಇವಳು ರೇಸಿಂದ ಬಂದೋಳು. ನೀವು ಲಗಾಮು ಬಿಗಿಯಾಗಿ ಹಿಡಿದ್ರೆ ಇವಳಿಗೆ 'ಓಡು' ಅಂದ ಹಾಗೆ. ನೀವು ಹೆದರಿ ಎಳೀತೀರ, ಅವಳು ಹೇಳಿದ್ದು ಕೇಳ್ತಾಳೆ, ಆಮೇಲೆ ನೀವು ಬೈತೀರ."

ಅಷ್ಟೇ ಅಲ್ಲ. ರೇಸ್ ಕುದುರೆಗೆ ಜಾಕಿಯನ್ನು ಯಾರೋ ಕಾಲು ಹಿಡಿದು ಎತ್ತಿ ಕೂರಿಸ್ತಾರೆ, ಎಷ್ಟೋ ಸಲ ಅದು ನಡೀತಿರುವಾಗಲೇ. ನಿಂತ ಜಾಗದಲ್ಲಿ ಅಲ್ಲಾಡದೆ ನಿಲ್ಲಬೇಕು ಅಂತ ಇವಳಿಗೆ ಯಾರೂ ಕಲಿಸಿರಲೇ ಇಲ್ಲ. ನನ್ನ ಕಾಲು ಸ್ಟಿರಪ್ಪಿಗೆ (ರಿಕಾಪಿಗೆ) ಹೋದ ಕೂಡಲೇ ಹೊರಡೋಳು; ನನ್ನ ಭಯ ಹುಟ್ತಿದ್ದದ್ದು ಸರಿಯಾಗಿ ಆ ಎರಡು ಸೆಕೆಂಡಿನಲ್ಲಿ. ಎರಡು ವರ್ಷ ಸಾಕಿದರೂ ಇದು ನನಗೆ ಹೊಳೆದಿರಲಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ.

ಹುರುಳಿ ವಿಷಯವೂ ಇದೆ. ಕೆಲಸ ಇಲ್ಲದೆ ಕಟ್ಟಿ ಹಾಕಿದ್ದ ಕುದುರೆಗೆ ದಿನಕ್ಕೆ ಮೂರು ಕೆಜಿ ಹತ್ತಿರ ಬೇಯಿಸಿದ ಹುರುಳಿ, ಮೇಲೆ ಓಟ್ಸ್. ನಮ್ಮ ಆಳಿಗೆ ಪ್ರೀತಿ ಜಾಸ್ತಿ. ಅದನ್ನು ಅರ್ಧ ಕೆಜಿಗೆ ಇಳಿಸಿ, ಒಣಹುಲ್ಲು ದಿನವಿಡೀ ಸಿಗೋ ಹಾಗೆ ಮಾಡಿದೆ. ಒಂದೇ ಸಲ ಇಳಿಸಬೇಡಿ, ಕುದುರೆಗೆ ಹೊಟ್ಟೆನೋವು ಬರಬಹುದು. ಹತ್ತು ಹನ್ನೆರಡು ದಿನದಲ್ಲಿ ಅವಳ ಕಣ್ಣೇ ಬೇರೆ ಆಯ್ತು.

ಮಳೆಗಾಲ ಪೂರ್ತಿ ಕೆಸರು, ಉಂಬಳ, ಗೊರಸಿನ ಕೊಳೆ. ಸವಾರಿ ಇಲ್ಲ. ಅಕ್ಟೋಬರ್‌ನಲ್ಲಿ ಶುರು ಮಾಡಿದೆ.

ಮೊದಲ ಮೂರು ವಾರ ಒಂದು ಹೆಜ್ಜೆಯೂ ಇಲ್ಲ. ಕಟ್ಟೆ ಮೇಲೆ ನಿಂತು ಕಾಲು ಹಾಕೋದು, ಅವಳು ಅಲ್ಲಾಡಿದರೆ ತೆಗೆಯೋದು. ಅಲ್ಲಾಡದಿದ್ದರೆ ಹತ್ತೋದು, ಕೂರೋದು, ಇಳಿಯೋದು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಕಣದಲ್ಲಿ ಮಾಡಬೇಡಿ, ಸಿಮೆಂಟಿನ ಮೇಲೆ ಲಾಳ ಜಾರುತ್ತೆ. ಹತ್ತೋ ಮುಂಚೆ ಎಡಗೈಯಲ್ಲಿ ಮಾಡೋ ಒಂದು ಸಣ್ಣ ಕೆಲಸ ಇದೆ, ಅವಳು ಕಲ್ಲಿನ ಹಾಗೆ ನಿಲ್ಲೋದು ಅದರಿಂದಲೇ. ಅದನ್ನು ಬರೆಯಲ್ಲ, ತೋಟಕ್ಕೆ ಬಂದವರಿಗೆ ತೋರಿಸ್ತೀನಿ. ದೊಡ್ಡಪ್ಪ ಆಗ ಹೇಳಿದ್ದು: "ಲೇ, ನೀನು ಕುದುರೆ ಸವಾರಿ ಮಾಡ್ತಿದ್ದೀಯೋ, ಅಟ್ಟ ಹತ್ತಿ ಇಳೀತಿದ್ದೀಯೋ?"

ಆಮೇಲೆ ಮರಗಳು. ಲಾಯದಿಂದ ಗೇಟಿನ ತನಕ ರಸ್ತೆ ಪಕ್ಕ ಅರವತ್ತೊಂದೋ ಅರವತ್ತೆರಡೋ ಸಿಲ್ವರ್ ಮರ (ಕಾಫಿಗೆ ನೆರಳು ಕೊಡೋ ಸಿಲ್ವರ್ ಓಕ್). ಸುಣ್ಣದಲ್ಲಿ ನಂಬರ್ ಬರೆದೆ. ದಿನಕ್ಕೊಂದು ಮರ ಮುಂದೆ, ಅಷ್ಟೇ. ನಿಯಮ ಒಂದೇ: ಹೆದರಿಕೆ ಬಂದ ಮೇಲೆ ತಿರುಗಬಾರದು, ಬರೋ ಮುಂಚೆ ತಿರುಗಬೇಕು. ಹೆದರಿ ತಿರುಗಿದರೆ ಆ ಜಾಗವೇ ಭೂತದ ಜಾಗ ಆಗಿಬಿಡುತ್ತೆ, ನನಗೂ ಅವಳಿಗೂ. ಹಾಗಾಗಿ "ಇನ್ನೂ ಹತ್ತು ಮರ ಹೋಗಬಹುದು" ಅನ್ನಿಸಿದ ದಿನವೂ ಅವತ್ತಿನ ಮರಕ್ಕೇ ಇಳಿದೆ. ಖುಷಿಯಾಗಿರುವಾಗ ಇಳಿಯೋದು ಎಷ್ಟು ಕಷ್ಟ ಅಂತ ಇಸ್ಪೀಟ್ ಆಡೋರನ್ನ ಕೇಳಿ.

ಉಸಿರಿನ ಸಮಸ್ಯೆ ಉಳಿದಿತ್ತು. ನಾನು ಉಸಿರು ಹಿಡಿದರೆ ಅವಳ ಬೆನ್ನು ಗಟ್ಟಿಯಾಗೋದು ತೊಡೆಗೇ ಗೊತ್ತಾಗ್ತಿತ್ತು. ಹಾಡಿ ನೋಡಿದೆ, ಹಾಡುತ್ತಲೇ ಹೆದರೋಕೆ ಆಗುತ್ತೆ. ಆಮೇಲೆ ಜೋರಾಗಿ ಮಗ್ಗಿ ಹೇಳೋಕೆ ಶುರು ಮಾಡಿದೆ. ಐದರದ್ದು, ಹತ್ತರದ್ದು ಪ್ರಯೋಜನ ಇಲ್ಲ, ಬಾಯಿ ತಾನಾಗೇ ಹೇಳುತ್ತೆ. ಹದಿಮೂರರದ್ದು ಬೇಕು. ಹದಿಮೂರೇಳ್ಲ ತೊಂಬತ್ತೊಂದು ಅನ್ನೋಕೆ ತಲೆ ಕೆಲಸ ಮಾಡಬೇಕು, ಹೆದರಿಕೆಗೆ ಜಾಗ ಇರಲ್ಲ. ಚುಕ್ಕಿಯ ಒಂದು ಕಿವಿ ಹಿಂದಕ್ಕೆ ತಿರುಗಿ ನನ್ನ ಕಡೆಗೇ ಇರೋದು, ಕತ್ತು ಕೆಳಗೆ ಬರೋದು. ಲೈನಿನ (ತೋಟದ ಕೆಲಸದವರ ಮನೆಗಳ) ಮಕ್ಕಳು ಹಿಂದೆ ಹಿಂದೆ ಬಂದು ತಪ್ಪು ಹಿಡಿಯೋರು. ಕಾಫಿ ಕುಯ್ಯೋ ಹೆಂಗಸರು ನಕ್ಕಿದ್ದು ಎಷ್ಟು ಅಂತ ಬರೆಯಲ್ಲ.

ಚುಕ್ಕಿಯ ಕುತ್ತಿಗೆಗೆ ಹಳೇ ಸ್ಟಿರಪ್ ಬೆಲ್ಟ್ ಒಂದನ್ನು ಹಾರದ ಹಾಗೆ ಹಾಕಿದ್ದೆ. ಹೆದರಿದರೆ ಕೈ ಅದಕ್ಕೆ ಹೋಗಬೇಕು, ಲಗಾಮಿಗಲ್ಲ. ಈ ಅಭ್ಯಾಸ ಬರೋಕೆ ಒಂದು ತಿಂಗಳಾಯ್ತು. ಗಟ್ಟಿ ಕಡಿವಾಣ ಈಗ ಮೆಣಸಿನ ಬಳ್ಳಿ ಕಟ್ಟೋ ಏಣಿಗೆ ನೇತು ಹಾಕಿದೆ.

ಮಧ್ಯದಲ್ಲಿ ಒಂದು ಹುಚ್ಚು ಪ್ರಯೋಗ. ಮದುವೆ ಮೆರವಣಿಗೆಗೆ ಬರೋ ಕುದುರೆಗೆ ಬ್ಯಾಂಡು, ಪಟಾಕಿ ಯಾವುದೂ ಲೆಕ್ಕಕ್ಕಿಲ್ಲ ಅಲ್ವಾ, ಅದನ್ನು ನೋಡಿ ಚುಕ್ಕಿ ಕಲಿಯಲಿ ಅಂತ ಅರಸೀಕೆರೆ ಕಡೆಯಿಂದ ಒಂದು ಬಿಳಿ ಕುದುರೆಯನ್ನು ಮೂರು ದಿನಕ್ಕೆ ಬಾಡಿಗೆಗೆ ತಂದೆ, ಲಾರಿ ಸೇರಿ 9,000 ಚಿಲ್ಲರೆ. ಸ್ಪ್ರಿಂಕ್ಲರ್ ಮುಂದೆ ನಿಲ್ಲಿಸಿದರೆ ಅದು ಕಣ್ಣು ಮುಚ್ಚಿ ನಿಂತಿತು. ಚುಕ್ಕಿ ಪಕ್ಕದಲ್ಲಿ ನಿಂತು ಮೂಗು ಅರಳಿಸಿ ನೋಡಿದಳು, ಓಡಲಿಲ್ಲ. ಅಷ್ಟರಲ್ಲಿ ತೋಟದ ಲೆಕ್ಕ ಬರೆಯೋ ರೈಟರ ಮೊಬೈಲ್ ಹೊಡಕೊಂಡಿತು. ಬಿಳಿ ಕುದುರೆ ಮುಂಗಾಲೆತ್ತಿ ಕುಣಿಯೋಕೆ ಶುರು! ಮೂರು ದಿನ ಫೋನೆಲ್ಲ ಸೈಲೆಂಟ್. ದುಡ್ಡು ದಂಡ ಅಂತ ಎಲ್ಲರೂ ಅಂದರು, ನಾನು ಒಪ್ಪಲ್ಲ. ಚುಕ್ಕಿ ಜೆಟ್ಟಿಗೆ ಹೆದರದೆ ನಿಂತದ್ದು ಅವತ್ತೇ ಮೊದಲು. ಜೆಟ್ಟನ್ನು ಮೊದಲು ದೂರದಲ್ಲಿ, ಆಮೇಲೆ ಹತ್ತಿರ ತರೋದಕ್ಕೆ ನಾನು ಹಿಡಿದ ಕ್ರಮ ಬೇರೆಯೇ ಇದೆ, ಇನ್ನೊಮ್ಮೆ ನೋಡೋಣ.

ಡಿಸೆಂಬರ್‌ನಲ್ಲಿ ಮೂವತ್ತೊಂದನೇ ಮರದ ಹತ್ತಿರ ಎಲ್ಲ ಹಾಳಾಯ್ತು. ರಾತ್ರಿ ಆನೆ ಬಂದು ಹೋಗಿತ್ತು, ಬೈನೆ ಮರ ಸೀಳಿ ಹಾಕಿತ್ತು. ನನಗೆ ಗೊತ್ತಿರಲಿಲ್ಲ, ಅವಳಿಗೆ ಮೂಗಿತ್ತು. ನಿಂತಲ್ಲೇ ಗಿರ್ರನೆ ತಿರುಗಿದಳು. ನಾನು ಬೀಳಲಿಲ್ಲ, ಕೈ ಬೆಲ್ಟಿಗೇ ಹೋಗಿತ್ತು. ಆದರೆ ಮನೆಗೆ ಬಂದು ವಾಂತಿ ಮಾಡಿದೆ. ಮಾರನೇ ದಿನ ಹನ್ನೆರಡನೇ ಮರಕ್ಕೆ ವಾಪಸ್ ಇಳಿದೆ. ಹತ್ತೊಂಬತ್ತು ಮರ ಸಾಲ ಆದ ಹಾಗೆ. ಅದನ್ನು ತೀರಿಸೋಕೆ ಮಾತ್ರ ಹತ್ತೊಂಬತ್ತು ದಿನ ಬೇಕಾಗಲಿಲ್ಲ, ಎಂಟು ಒಂಬತ್ತು ದಿನದಲ್ಲಿ ಮುಗೀತು. ಆಗಲೇ ನನಗೆ ಇದು ಕೆಲಸ ಮಾಡ್ತಿದೆ ಅಂತ ಗ್ಯಾರಂಟಿ ಆದದ್ದು. ಈಗ ಆನೆ ಇರೋ ಸುದ್ದಿ ಮೊಬೈಲಿಗೆ ಬಂದ ಬೆಳಿಗ್ಗೆ ಲಾಯದಿಂದ ಹೊರಗೆ ತೆಗೆಯೋದೇ ಇಲ್ಲ.

ಲೆಕ್ಕ ಹಾಕಿದರೆ ಆಸ್ಪತ್ರೆ, ಕ್ಲಾಸು, ಕವಚ, ಕಡಿವಾಣ, ಎಲ್ಲ ಸೇರಿ ಲಕ್ಷದ ಮೇಲೆ ಹೋಯ್ತು. ಮರದ ಕೆಲಸಕ್ಕೆ ಆದದ್ದು ಸುಣ್ಣ 80 ರೂಪಾಯಿ, ಕ್ಯಾರೆಟ್ಟು ಒಂದೆರಡು ಸಾವಿರ. ಬಿಳಿ ಕುದುರೆಯನ್ನು ಯಾವ ಕಡೆ ಸೇರಿಸಬೇಕು ಅಂತ ಮನೆಯವಳಿಗೂ ನನಗೂ ಇನ್ನೂ ಜಗಳ ಇದೆ.

ಗೇಟು ಮುಟ್ಟಿದ್ದು ಫೆಬ್ರವರಿ ಮೊದಲ ವಾರ. ಈಗ ಗೇಟಿನಾಚೆ ಹಳ್ಳದ ತನಕ ಹೋಗ್ತೀನಿ, ಟ್ರಾಟ್ (ಕುಕ್ಕುಲೋಟ) ಧಾರಾಳವಾಗಿ ಮಾಡ್ತೀನಿ, ಏರು ರಸ್ತೆ ಸಿಕ್ಕರೆ ಕ್ಯಾಂಟರ್ ಕೂಡ. ಇಳಿಜಾರಿನಲ್ಲಿ ಮಾತ್ರ ಹದಿಮೂರರದ್ದು ಸಾಲಲ್ಲ, ಹದಿನೇಳರ ಮಗ್ಗಿಗೆ ಹೋಗಬೇಕು. ಮಂಜರಾಬಾದ್ ಕೋಟೆ ತನಕ ಒಂದು ದಿನ ಸವಾರಿ ಹೋಗೋಣ ಅಂತ ಸ್ನೇಹಿತರು ಕರೀತಿದ್ದಾರೆ. ಅದಕ್ಕೆ ಹೈವೇ ದಾಟಬೇಕು, ಅಲ್ಲಿ ಟ್ಯಾಂಕರ್ ಲಾರಿಗಳು. ನಾನು ಇಳಿದು, ಲಗಾಮು ಹಿಡಿದು, ನಡೆಸಿಕೊಂಡೇ ದಾಟ್ತೀನಿ ಅಂತ ಹೇಳಿದ್ದೀನಿ. ನಗೋರು ನಗಲಿ.