ರಾಯಚೂರಿನಿಂದ ಒಂದೇ ದಿನದಲ್ಲಿ ವಂಡರ್‌ಲಾ: ಎತ್ತರ, ಬಟ್ಟೆ, ಊಟದ ಲೆಕ್ಕ

ರಾಯಚೂರಿನವರಿಗೆ ಹತ್ತಿರದ ದೊಡ್ಡ ರೈಡ್ ಪಾರ್ಕ್ ಎಂದರೆ ಹೈದರಾಬಾದಿನ ಹೊರವಲಯದಲ್ಲಿ, ರಾವಿರ್ಯಾಲದ ಬಳಿ ಇರುವ ವಂಡರ್‌ಲಾ. 2016ರಲ್ಲಿ ಶುರುವಾದದ್ದು. ರಸ್ತೆ ಸುಮಾರು 200 ಕಿ.ಮೀ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು, ಲೆಕ್ಕ ಮಾತ್ರ ತಪ್ಪಬಾರದು. ಅದರಲ್ಲೂ ಊಟದ ಲೆಕ್ಕ. ನೀವು ಯಾವಾಗ ಉಣ್ಣುತ್ತೀರಿ ಎನ್ನುವುದರ ಮೇಲೆಯೇ ಎಷ್ಟು ರೈಡ್ ಸಿಗುತ್ತವೆ, ಯಾರು ವಾಂತಿ ಮಾಡಿಕೊಂಡು ಬೆಂಚಿನ ಮೇಲೆ ಮಲಗುತ್ತಾರೆ ಎನ್ನುವುದು ನಿಂತಿದೆ.

ಬಳ್ಳಾರಿ, ಕೊಪ್ಪಳದವರಿಗೆ ಹೈದರಾಬಾದು ಒಂದು ದಿನದ ದಾರಿಯಲ್ಲ. ಅವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಮೈಸೂರು ರಸ್ತೆಯಲ್ಲಿ ಬಿಡದಿಯ ವಂಡರ್‌ಲಾಗೆ ಹೋಗಿ ಅದೇ ರಾತ್ರಿಯ ಗಾಡಿಗೆ ಮರಳುವುದು ವಾಸಿ. ಅದು 2005ರಿಂದ ಇದೆ. ದಾರಿ ಮತ್ತು ರಜೆಯ ದಿನಗಳ ಮಾತನ್ನು ಬಿಟ್ಟರೆ ಕೆಳಗಿನದೆಲ್ಲ ಎರಡಕ್ಕೂ ಹೊಂದುತ್ತದೆ.

ಯಾವ ದಿನ ಹೋಗಬೇಕು

ಗಡಿಯಲ್ಲಿರುವುದರ ಲಾಭ ಇಲ್ಲಿದೆ. ನವೆಂಬರ್ 1 ನಮಗೆ ರಾಜ್ಯೋತ್ಸವದ ರಜೆ. ತೆಲಂಗಾಣದಲ್ಲಿ ಅಂದು ಶಾಲೆ, ಆಫೀಸು ಎಂದಿನಂತೆ ನಡೆಯುತ್ತವೆ. ಕನಕ ಜಯಂತಿಯೂ ಹಾಗೆಯೇ. ಇವು ಶನಿವಾರ, ಭಾನುವಾರ ಬೀಳದ ವರ್ಷ ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಬತುಕಮ್ಮ–ದಸರೆಯ ರಜೆ, ಸಂಕ್ರಾಂತಿಯ ವಾರ, ಅವರ ರಾಜ್ಯ ಸ್ಥಾಪನೆಯ ಜೂನ್ 2, ಇವುಗಳ ಹತ್ತಿರ ಸುಳಿಯಬೇಡಿ. ಏಪ್ರಿಲ್, ಮೇನಲ್ಲಿ ನೀರಾಟ ಹಿತವೇ, ಆದರೆ ನೆರಳಿಲ್ಲದ ಕ್ಯೂನಲ್ಲಿ ನಿಲ್ಲುವುದು ರಾಯಚೂರಿನವರಿಗೂ ಕಷ್ಟ. ಚಳಿಗಾಲದ ವಾರದ ದಿನಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರಬಹುದು. ದೂರದ ಊರಿನ ಮಕ್ಕಳನ್ನು ಸಂಜೆಯಾಗುವ ಮೊದಲೇ ಹೊರಡಿಸುತ್ತಾರೆ, ಹಾಗಾಗಿ ಬೆಳಿಗ್ಗೆ ಉದ್ದ ಕ್ಯೂ ಕಂಡ ರೈಡನ್ನು ಸಂಜೆಗೆ ಎತ್ತಿಡಿ.

ಹೆಚ್ಚು ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಬೇಕೆ? ವಾರದ ದಿನಕ್ಕೆ ಬೇಡ. ಸಣ್ಣ ಮಕ್ಕಳಿರುವ ಮನೆಗೆ ಯಾವ ದಿನಕ್ಕೂ ಬೇಡ, ಅವರು ಹತ್ತುವುದೇ ನಾಲ್ಕಾರು ರೈಡು. ರಜೆಯ ದಿನ, ಕಾಲೇಜಿನ ಹುಡುಗರು ಜೊತೆಗಿದ್ದರೆ ಮಾತ್ರ ಕೊಟ್ಟ ದುಡ್ಡು ಹುಟ್ಟುತ್ತದೆ.

ಎತ್ತರವನ್ನು ಮನೆಯಲ್ಲೇ ಅಳೆಯಿರಿ

ವಂಡರ್‌ಲಾದಲ್ಲಿ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕಿಂತ ಮೇಲೆ ದೊಡ್ಡವರ ದರ. ಅಂದರೆ ಐದನೇ ಕ್ಲಾಸಿನ ಎತ್ತರದ ಹುಡುಗಿಗೆ ಪೂರ್ತಿ ಟಿಕೆಟ್ ಬೀಳಬಹುದು. ಆಧಾರ್ ಕಾರ್ಡ್ ತೋರಿಸಿ ವಾದ ಮಾಡಿದರೆ ಪ್ರಯೋಜನವಿಲ್ಲ.

ಅಳೆಯುವುದು ಹೀಗೆ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ದಪ್ಪ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಮಟ್ಟಸವಾಗಿ, ಅದರ ಒಂದು ಅಂಚು ಗೋಡೆಗೆ ಒತ್ತಿರುವಂತೆ ಇಟ್ಟು, ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಜಡೆ ತುರುಬು ಕಟ್ಟಿದ್ದರೆ ಬಿಚ್ಚಿ. ನಿದ್ದೆಯಿಂದ ಎದ್ದಾಗಿನ ಎತ್ತರ ರಾತ್ರಿಗಿಂತ ಸುಮಾರು 1 ಸೆಂ.ಮೀ. ಹೆಚ್ಚಿರುತ್ತದೆ, ದಿನವಿಡೀ ಓಡಾಡಿದರೆ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ಒತ್ತಿಕೊಳ್ಳುತ್ತವೆ. 139, 140ರ ಆಸುಪಾಸಿನಲ್ಲಿರುವ ಮಗುವಿನ ಮನೆಯವರು ಇದನ್ನು ಲೆಕ್ಕಕ್ಕೆ ಹಿಡಿಯಲಿ.

ರೈಡಿನ ಮುಂದೆಯೂ ಒಂದು ಅಳತೆಯ ಪಟ್ಟಿ ಇರುತ್ತದೆ. ಮಗು ಧೈರ್ಯವಂತ ಹೌದೋ ಅಲ್ಲವೋ ಎಂದು ನೋಡಲು ಅದನ್ನು ಇಟ್ಟಿಲ್ಲ. ಭುಜದ ಮೇಲಿಂದ ಬರುವ ಹಾರ್ನೆಸ್, ತೊಡೆಯ ಮೇಲೆ ಕೂರುವ ಸರಳು, ಎರಡೂ ಒಂದು ಮೈಕಟ್ಟಿಗೆ ತಕ್ಕಂತೆ ಮಾಡಿದವು. ಅದಕ್ಕಿಂತ ಸಣ್ಣ ಮೈ ಅದರ ಕೆಳಗಿಂದ ಜಾರಿಬಿಡಬಹುದು. ‘ನಾನು ಗಟ್ಟಿ ಹಿಡ್ಕೋತೀನಿ, ಬಿಡ್ರಿ’ ಎಂದು ಸಿಬ್ಬಂದಿಯ ಹತ್ತಿರ ಜಗ್ಗಾಡುವ ಅಪ್ಪಂದಿರು ಪ್ರತಿ ಕ್ಯೂನಲ್ಲೂ ಒಬ್ಬರು ಸಿಗುತ್ತಾರೆ. ದಯವಿಟ್ಟು ಬೇಡ. ಎತ್ತರ ಸಾಲದ ಮಗುವಿಗೆ ಮನೆಯಲ್ಲೇ ಹೇಳಿಬಿಟ್ಟರೆ ಕ್ಯೂನ ತುದಿಯಲ್ಲಿ ಅಳುವುದು ತಪ್ಪುತ್ತದೆ.

ಯಾರಿಗೆ ತಲೆಸುತ್ತು ಬರುತ್ತದೆ ಎಂದು ಮೊದಲೇ ತಿಳಿಯಲು ಒಂದು ಅಗ್ಗದ ದಾರಿಯಿದೆ. ಜನವರಿಯ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆಗೋ, ನಿಮ್ಮೂರ ಜಾತ್ರೆಗೋ ಹೋದಾಗ ತೂಗಾಡುವ ಹಡಗಿನ ರೈಡಿನಲ್ಲಿ ಕೂರಿಸಿ ನೋಡಿ. ಅಲ್ಲಿ ಮುಖ ಬಿಳಿಚಿಕೊಂಡವರು ಪಾರ್ಕಿನಲ್ಲೂ ಹಡಗಿನ ನಡುವಿನ ಸಾಲಿನಲ್ಲೇ ಕೂರಲಿ. ತುದಿಯ ಸೀಟು ಎಲ್ಲಕ್ಕಿಂತ ಮೇಲೆ ಹೋಗುತ್ತದೆ, ಹೊಟ್ಟೆ ಹಗುರಾಗಿ ತೇಲಿದಂತಾಗುವುದು ಅಲ್ಲೇ ಹೆಚ್ಚು.

ಬಟ್ಟೆ, ತಾಳಿ, ಕಾಲುಂಗುರ

ನೀರಿನ ರೈಡಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ. ನೀರು ಕುಡಿದು ಭಾರವಾಗುತ್ತದೆ, ಜಾರುಬಂಡೆಯಲ್ಲಿ ನಡುವೆಯೇ ನಿಲ್ಲಿಸುತ್ತದೆ, ನೂಲಿನ ಎಳೆ ಬಿಟ್ಟು ಫಿಲ್ಟರ್ ಕಟ್ಟಿಸುತ್ತದೆ. ಸೀರೆ, ದುಪಟ್ಟಾ, ಜೀನ್ಸ್, ಲುಂಗಿ ಯಾವುದೂ ಬೇಡ. ಹೆಣ್ಣುಮಕ್ಕಳಿಗೆ ನೈಲಾನ್ ಅಥವಾ ಪಾಲಿಯೆಸ್ಟರ್‌ನ ತುಂಬು ತೋಳಿನ ಟೀ ಶರ್ಟ್, ಅದೇ ಬಗೆಯ ಲೆಗ್ಗಿಂಗ್ಸ್. ಗಂಡಸರಿಗೆ ನೈಲಾನ್ ಚಡ್ಡಿ, ಆಟದ ಟೀ ಶರ್ಟ್. ಊರಲ್ಲೇ ಕೊಳ್ಳಿ, ಪಾರ್ಕಿನ ಅಂಗಡಿಯಲ್ಲಿ ದುಬಾರಿ. ಕೊಳ್ಳುವಾಗ ತಿರುಗಿಸಿ ಹಿಂಬದಿ ನೋಡಿ: ಜಿಪ್, ಲೋಹದ ಗುಂಡಿ, ಪಟ್ಟಿಯ ಕೊಂಡಿ ಇದ್ದರೆ ಜಾರುಬಂಡೆಯ ಫೈಬರ್ ಗೀಚುತ್ತದೆ, ಸಿಬ್ಬಂದಿ ಮೇಲೆಯೇ ತಡೆದು ಮೆಟ್ಟಿಲು ಇಳಿಸುತ್ತಾರೆ.

ಒಡವೆ ಮನೆಯಲ್ಲಿರಲಿ. ತಾಳಿ ತೆಗೆಯಲು ಒಲ್ಲದವರು ಹಿಂದಿನ ದಿನ ಸರ ಬಿಚ್ಚಿಟ್ಟು ಅರಿಶಿನದ ದಾರಕ್ಕೆ ಪೋಣಿಸಿಕೊಂಡು ಟೀ ಶರ್ಟಿನ ಒಳಗೆ ಬಿಟ್ಟುಕೊಳ್ಳಿ. ಪಿನ್ ಹಾಕಬೇಡಿ. ಅಲೆಯ ಕೊಳದಲ್ಲಿ ಸರದ ಕೊಂಡಿ ಬಿಟ್ಟರೆ ಅಷ್ಟು ಜನರ ಕಾಲಡಿ ಹುಡುಕುವುದಾಗದು. ಕಾಲುಂಗುರ ಸಡಿಲವಾಗಿದ್ದರೆ ತೆಗೆದಿಡಿ, ತಣ್ಣೀರಲ್ಲಿ ಬೆರಳು ಕುಗ್ಗಿ ತಾನಾಗಿ ಜಾರುತ್ತದೆ. ಕಾಲ್ಗೆಜ್ಜೆಯಂತೂ ಬೇಡವೇ ಬೇಡ.

ಚೀಲದಲ್ಲಿ ತಲೆಗೊಂದು ತೆಳು ಟವೆಲ್, ಒಂದು ಜೊತೆ ಒಣ ಬಟ್ಟೆ, ಒದ್ದೆ ಬಟ್ಟೆಗೆ ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ. ಮೊಬೈಲಿನ ನೀರು ತಾಗದ ಕವರ್ ಕೊಂಡಿದ್ದರೆ ಅದರೊಳಗೆ ಟಿಶ್ಯೂ ಕಾಗದ ಇಟ್ಟು ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ. ಕಾಗದ ಒಣಗಿಯೇ ಇದ್ದರೆ ಮಾತ್ರ ನಂಬಿ. ಸಣ್ಣ ಮಕ್ಕಳ ತೋಳಿನ ಒಳಬದಿಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ನಿಮ್ಮ ನಂಬರ್ ಬರೆಯಿರಿ. ಬಾಲ್‌ಪೆನ್ ಒಂದೇ ಜಾರಿಗೆ ಅಳಿಸುತ್ತದೆ. ಲಾಕರ್‌ನಲ್ಲಿಟ್ಟ ಮೊಬೈಲಿಗೆ ಕರೆ ಬಂದರೆ ಯಾರೂ ಎತ್ತುವುದಿಲ್ಲ, ಆದ್ದರಿಂದ ಬರೆಯಬೇಕಾದದ್ದು ನೀರಿಗಿಳಿಯದ ಹಿರಿಯರ ನಂಬರ್.

ಬುತ್ತಿ ಮತ್ತು ದಾರಿ

ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ. ಹಾಗೆಂದು ಬುತ್ತಿ ಕಟ್ಟದೆ ಹೋಗಬೇಡಿ. ಅದು ಗೇಟಿನ ಈಚೆಗಿನದು. ತಲೆಗೆ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬಾಳೆಹಣ್ಣು. ಮಕ್ಕಳಿಗೆ ಮೊಸರು ಬುತ್ತಿ: ಬಿಸಿ ಅನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಸೌಟು ಹಾಕಿ ಕಲಸಿದರೆ ಹತ್ತು ಗಂಟೆಯ ಹೊತ್ತಿಗೆ ಹದವಾಗಿರುತ್ತದೆ. ಬರೀ ಮೊಸರು ಹಾಕಿದರೆ ಕಾರಿನ ಬಿಸಿಗೆ ಹುಳಿಯಾಗುತ್ತದೆ. ಒಗ್ಗರಣೆ–ಮಿರ್ಚಿ ಇವತ್ತೊಂದು ದಿನ ಬೇಡ. ಮಂಡಕ್ಕಿ ತಡೆದೀತು, ಎಣ್ಣೆಯ ಮಿರ್ಚಿ ತಿರುಗುವ ರೈಡಿನಲ್ಲಿ ಮೇಲೆ ಬರುತ್ತದೆ.

ಬೆಳಿಗ್ಗೆ 5:30ಕ್ಕೆ ಗಾಡಿ ಹೊರಡಬೇಕು. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ, ಮಕ್ತಲ್, ಮಹಬೂಬನಗರದ ಮೇಲೆ ಜಡ್ಚರ್ಲಾ, ಇದು ರಾಷ್ಟ್ರೀಯ ಹೆದ್ದಾರಿ 167. ಜಡ್ಚರ್ಲಾದಿಂದ 44ನೇ ಹೆದ್ದಾರಿ ಹಿಡಿದು ಶಂಶಾಬಾದ್, ಅಲ್ಲಿ ಹೊರವರ್ತುಲ ರಸ್ತೆ ಏರಿ 13ನೇ ಎಕ್ಸಿಟ್‌ನಲ್ಲಿ ಇಳಿಯುವುದು. ಫಾಸ್ಟ್ಯಾಗ್‌ನಲ್ಲಿ ಹಿಂದಿನ ರಾತ್ರಿಯೇ ದುಡ್ಡು ತುಂಬಿಸಿ. ಮಹಬೂಬನಗರದಲ್ಲೋ ಜಡ್ಚರ್ಲಾದಲ್ಲೋ ಎಂಟರ ಒಳಗೆ ಇಡ್ಲಿ ತಿನ್ನಿ. ರೊಟ್ಟಿಯ ಬುತ್ತಿ ಬಿಚ್ಚುವುದು ಪಾರ್ಕಿಂಗ್‌ನಲ್ಲಿ, ಹತ್ತು ಗಂಟೆಗೆ. ಗೇಟು ತೆರೆಯುವುದು 11ಕ್ಕೆ. ಆ ಒಂದು ಗಂಟೆಯಲ್ಲಿ ತಿಂದದ್ದು ಇಳಿಯುತ್ತದೆ, ಮಧ್ಯಾಹ್ನ ಎರಡೂವರೆವರೆಗೆ ಹೊಟ್ಟೆ ತಡೆಯುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು: ಶಕ್ತಿ ಯೋಜನೆಯ ಉಚಿತ ಟಿಕೆಟ್ ಅಂತರರಾಜ್ಯ ಬಸ್ಸಿಗೆ ನಡೆಯುವುದಿಲ್ಲ. ಊರೊಳಗಿನ ಬಸ್ ನಿಲ್ದಾಣದವರೆಗೆ ಹೋಗದೆ, ಕಂಡಕ್ಟರಿಗೆ ಹೇಳಿ ಶಂಶಾಬಾದಿನಲ್ಲೇ ಇಳಿದು ಕ್ಯಾಬ್ ಹಿಡಿದರೆ ಸಮಯ ಉಳಿಯುತ್ತದೆ.

ಒಳಗೆ ಹೋದ ಮೇಲಿನ ಸರದಿ

ಗೇಟು ದಾಟಿದ ಜನ ಎದುರಿಗೆ ಕಂಡ ಮೊದಲ ರೈಡಿಗೇ ನಿಲ್ಲುತ್ತಾರೆ. ನೀವು ಎಲ್ಲಕ್ಕಿಂತ ಹೆಚ್ಚು ಬೇಕೆನಿಸಿದ, ಅತಿ ಜೋರಿನ ಒಣ ರೈಡಿಗೆ ನೇರ ನಡೆಯಿರಿ. ಅದು ಬಹುಮಟ್ಟಿಗೆ ರಿಕಾಯಿಲ್. ಈ ರೋಲರ್ ಕೋಸ್ಟರ್ ತಲೆಕೆಳಗಾಗಿ ಮುಂದೆ ಹೋಗಿ, ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸ್ ಬರುತ್ತದೆ. ಹಿಮ್ಮುಖದ ಓಟದಲ್ಲಿ ಮುಂದೇನಿದೆ ಎಂದು ಕಣ್ಣಿಗೆ ಕಾಣದು, ಕಿವಿಯೊಳಗಿನ ಸಮತೋಲದ ಅಂಗಕ್ಕೆ ಮಾತ್ರ ಗೊತ್ತಾಗುತ್ತದೆ. ಕಣ್ಣು, ಕಿವಿ ಬೇರೆ ಬೇರೆ ಸುದ್ದಿ ಕೊಟ್ಟಾಗಲೇ ಹೊಟ್ಟೆ ತೊಳಸುವುದು. ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಇಡಿ, ಕುತ್ತಿಗೆ ಉಳುಕುವುದು ತಪ್ಪುತ್ತದೆ. ಬಿಪಿ, ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆಯ ನೋವು ಇದ್ದವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಇಂಥವನ್ನು ಹತ್ತಬಾರದು.

ತಿರುಗುವ ರೈಡುಗಳನ್ನು ಒಂದರ ಹಿಂದೆ ಒಂದು ಹತ್ತಬೇಡಿ, ನಡುವೆ ಮಕ್ಕಳ ರೈಲೋ ಬಂಪರ್ ಕಾರೋ ಇರಲಿ. ವಾಂತಿಯ ಮಾತ್ರೆ ತಲೆಸುತ್ತು ಬಂದ ಮೇಲೆ ನುಂಗಿದರೆ ಕೆಲಸ ಮಾಡದು. ರೈಡಿಗೆ ಒಂದು ಗಂಟೆ ಮೊದಲು ಬೇಕು. ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಕಾರು ಓಡಿಸುವವರು ಮುಟ್ಟಲೇಬೇಡಿ, ನಿದ್ದೆ ಎಳೆಯುತ್ತದೆ.

ಈಗ ಊಟ. ಒಂದರಿಂದ ಎರಡರವರೆಗೆ ಪಾರ್ಕಿನ ಅರ್ಧ ಮಂದಿ ಹೋಟೆಲಿನಲ್ಲಿರುತ್ತಾರೆ, ರೈಡಿನ ಕ್ಯೂ ಕರಗುತ್ತದೆ. ಆ ಒಂದು ಗಂಟೆ ಕೊನೆಯ ದೊಡ್ಡ ಒಣ ರೈಡುಗಳಿಗೆ. ಎರಡೂವರೆಗೆ ಕೂತು ಉಣ್ಣಿ: ಮೊಸರನ್ನ, ಇಡ್ಲಿ, ದೋಸೆ, ಅನ್ನ–ಸಾರಿನಂಥದ್ದು. ಬಿರಿಯಾನಿಯ ವಾಸನೆ ಹಿಡಿದು ಎಳೆದರೂ ತಡೆದುಕೊಳ್ಳಿ, ಅದು ರಾತ್ರಿಗಿರಲಿ. ಟಿಕೆಟ್ ಜೊತೆಗೆ ಬಫೆ ಕೂಪನ್ ಕೊಳ್ಳುವ ಮೊದಲು ಎಣಿಸಿ: ರೈಡಿನ ಗುಂಗಿನಲ್ಲಿರುವ ಮಗು ಎರಡು ತುತ್ತು ತಿಂದು ಎದ್ದುಬಿಡುತ್ತದೆ. ದೊಡ್ಡವರಿಗೆ ಒಂದೊಂದು ಪ್ಲೇಟು ತೆಗೆದುಕೊಂಡು ಮಕ್ಕಳಿಗೆ ಹಂಚುವುದೇ ಸರಿ. ಉಂಡ ಮೇಲೆ ಮುಕ್ಕಾಲು ಗಂಟೆ ನೆರಳು.

ಆಮೇಲೆ ನೀರು, ಮೂರೂವರೆ–ಮೂರೂಮುಕ್ಕಾಲರಿಂದ. ನೀರನ್ನು ಕೊನೆಗಿಡುವುದಕ್ಕೆ ಕಾರಣವಿದೆ. ಒದ್ದೆ ಬಟ್ಟೆಯಲ್ಲಿ ಒಣ ರೈಡಿಗೆ ಬಿಡುವುದಿಲ್ಲ, ಬಟ್ಟೆ ಬದಲಿಸುವ ಕೋಣೆಯ ಮುಂದೆ ಎರಡೆರಡು ಸಲ ನಿಲ್ಲಬೇಕಾಗುತ್ತದೆ. ಮಧ್ಯಾಹ್ನ ಕಾದ ಕಾಂಕ್ರೀಟು ಬರಿಗಾಲು ಸುಡುವುದೂ ಆ ಹೊತ್ತಿಗೆ ತಗ್ಗಿರುತ್ತದೆ. ಚಳಿಗಾಲದಲ್ಲಿ ಮಾತ್ರ ಇದನ್ನು ತಿರುಗಿಸಿ: ಸಂಜೆ ನಾಲ್ಕರ ನಂತರ ಮಕ್ಕಳು ನಡುಗುತ್ತಾರೆ, ಹನ್ನೆರಡೂವರೆಗೇ ನೀರಿಗೆ ಇಳಿಯುವುದು ಒಳ್ಳೆಯದು.

ಜಾರುವಾಗ ಮಲಗಿ, ಕೈ ಎದೆಯ ಮೇಲೆ ಅಡ್ಡ, ಪಾದದ ಮೇಲೆ ಪಾದ. ನಡುವೆ ಎದ್ದು ಕೂತರೆ ವೇಗ ಇಳಿದು ಹಿಂದಿನವರು ಬಂದು ಗುದ್ದುತ್ತಾರೆ. ಅಲೆಯ ಕೊಳದಲ್ಲಿ ಸೈರನ್ ಕೂಗಿದರೆ ಅಲೆ ಬರುತ್ತದೆಂದು ಅರ್ಥ. ಮಗುವಿನ ಸೊಂಟಕ್ಕಿಂತ ಮೇಲೆ ನೀರಿರುವಲ್ಲಿ ಹೋಗಬೇಡಿ, ಮಗು ನಿಮ್ಮ ಕೈಗೆಟುಕುವ ದೂರದಲ್ಲೇ ಇರಲಿ. ಈಜು ಗೊತ್ತಿದ್ದರೂ ಜನರ ನಡುವೆ ಈಜಲಾಗದು.

ನೀರಿನಲ್ಲಿದ್ದಾಗ ಬೆವರಿದ್ದು ತಿಳಿಯುವುದಿಲ್ಲ, ಬಾಯಾರಿಕೆಯೂ ಅಷ್ಟಾಗಿ ಆಗುವುದಿಲ್ಲ. ಸಂಜೆಯ ತಲೆನೋವಿಗೆ ಅದೇ ಕಾರಣ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರಾ ಒಂದು ಲೀಟರ್ ನೀರಿಗೆ ಹಾಕಿ, ಅರ್ಧ ಬಾಟಲಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಮಕ್ಕಳಿಗೆ ಕೆಡುಕು. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ವಾಪಸ್

ಮುಚ್ಚುವ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆ, ಲಾಕರ್ ಎರಡೂ ತುಂಬುತ್ತವೆ. ಮುಕ್ಕಾಲು ಗಂಟೆ ಮೊದಲೇ ನೀರಿನಿಂದ ಏಳಿ. ಸಿಹಿನೀರಿನಲ್ಲಿ ತಲೆ, ಕಣ್ಣು ತೊಳೆಸಿ, ಕ್ಲೋರಿನ್ ಕೂದಲಲ್ಲಿ ಉಳಿದರೆ ಬಿರುಸಾಗುತ್ತದೆ. ಲಾಕರ್‌ನ ಕೀಲಿ ಕೊಟ್ಟು ಠೇವಣಿ ಹಿಂದಕ್ಕೆ ಪಡೆಯುವುದನ್ನು ಮಕ್ಕಳ ಗಲಾಟೆಯಲ್ಲಿ ಮರೆಯುವವರು ಬಹಳ.

ಕಾರು ಓಡಿಸುವವರು ಮೂರರ ನಂತರ ನೀರಿಗೆ ಇಳಿಯದೆ ಒಂದು ಗಂಟೆ ಮಲಗಿರಲಿ, ಇದನ್ನು ಬೆಳಿಗ್ಗೆಯೇ ಮನೆಮಂದಿಗೆ ಹೇಳಿಡಿ. ರಾತ್ರಿಯ ಊಟವನ್ನು ಶಂಶಾಬಾದಿನ ಆಸುಪಾಸಿನಲ್ಲೇ ಮುಗಿಸಿ. ಬಿರಿಯಾನಿ ತಿನ್ನುವವರು ತಿನ್ನಲಿ, ಓಡಿಸುವವರು ಅರ್ಧ ಹೊಟ್ಟೆ ಉಂಡು ಟೀ ಕುಡಿಯಲಿ. ಮಹಬೂಬನಗರ ದಾಟಿದ ಮೇಲೆ ರಸ್ತೆಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗಬಹುದು. ಹತ್ತಿ, ಭತ್ತದ ಸುಗ್ಗಿಯಲ್ಲಂತೂ ಹೆಚ್ಚು. ಕಣ್ಣು ಎಳೆದರೆ ಕಿಟಕಿ ತೆರೆದು ಹಾಡು ಹಚ್ಚಿ ಸಾಗಿಸಬೇಡಿ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ, ಎದ್ದು ಮುಖ ತೊಳೆದು ಮುಂದೆ ಹೊರಡಿ.