ಹಲಸಿನ ಹಲಗೆಯಲ್ಲಿ 14 ಗುಳಿ

ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಬಾಡಿಗೆ ಮನೆಯ ಬಾಲ್ಕನಿ 4 ಅಡಿ ಅಗಲ, 9 ಅಡಿ ಉದ್ದ. ನನ್ನ ಮರಗೆಲಸವೆಲ್ಲ ಅಲ್ಲೇ. ಒಂದು ಹಳೇ ಮೇಜು, ಎರಡು ಗರಗಸ, ನಾಲ್ಕು ಉಳಿ, ಒಂದು ಡ್ರಿಲ್. ಸೌಟು, ಉಪ್ಪಿನ ಡಬ್ಬಿ, ಫೋನ್ ಸ್ಟ್ಯಾಂಡ್ ಹೀಗೆ ಸಣ್ಣಪುಟ್ಟ ಸಾಮಾನು ಮಾಡಿ ಅಕ್ಕಪಕ್ಕದವರಿಗೆ ಕೊಡುತ್ತೇನೆ. ಇವುಗಳಲ್ಲಿ ನನಗೆ ಜಾಸ್ತಿ ಕೆಲಸ ಕಲಿಸಿದ್ದು ಒಂದು ಅಳಗುಳಿ ಮಣೆ.

ಕೇಳಿದ್ದು ಮೇಲಿನ ಮನೆಯ ಅಜ್ಜಿ. ಊರಿನಲ್ಲಿದ್ದ ಮಣೆ ಕಳೆದುಹೋಯಿತು, ರಜಕ್ಕೆ ಮೊಮ್ಮಕ್ಕಳು ಬರುತ್ತಾರೆ, ಒಂದು ಮಾಡಿಕೊಡ್ತೀಯಾ ಅಂದರು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ ತುಂಡುಗಳ ರಾಶಿಯಲ್ಲಿ ಹುಡುಕಿದೆ. ಒಂದು ಹಲಸಿನ ಹಲಗೆ ಸಿಕ್ಕಿತು. ವೀಣೆಯ ಕೊಡ ಮಾಡುವುದು ಇದೇ ಮರದಲ್ಲಿ. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ. ಬೆಳಕು ತಾಕುತ್ತಾ ತಾಕುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ.

ಅಳತೆ ಸುಲಭವಾಗಿತ್ತು. ಸಾಲಿಗೆ 7 ಗುಳಿ, ಎರಡು ಸಾಲು. ಗುಳಿ 2 ಇಂಚು ಅಗಲ, ನಡುವೆ ಅರ್ಧ ಇಂಚು ಜಾಗ. ಹಾಗಾಗಿ ಅಂಚಿನ ಜಾಗವೂ ಸೇರಿ 18 ಇಂಚು ಉದ್ದ, 6 ಇಂಚು ಅಗಲ. ಆಳ 5 ಸೂತು, ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು. ಡ್ರಿಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಳ ಚಪ್ಪಟೆಯಾಗಿ ಕೊರೆಯುವ ಬಿಟ್ ಹಾಕಿ, ಒಂದೇ ಭಾನುವಾರ 14 ಗುಳಿ ಮುಗಿಸಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಅಜ್ಜಿ ಹುಣಸೆ ಬೀಜ ತುಂಬಿ ಬೆರಳು ಹಾಕಿದರು. "ಬೀಜ ಕೈಗೇ ಬರಲ್ವಲ್ಲಪ್ಪ" ಅಂದರು. ನಿಜ. ಈ ಆಟದಲ್ಲಿ ಗುಳಿಯ ಬೀಜವನ್ನೆಲ್ಲ ಒಂದೇ ಸಲ ಬಾಚಿ ತೆಗೆಯಬೇಕು. ಚಪ್ಪಟೆ ತಳದ ಮೂಲೆಯಲ್ಲಿ ಬೀಜ ಸಿಕ್ಕಿಕೊಳ್ಳುತ್ತದೆ. ಗುಳಿ ಬಟ್ಟಲಿನ ಹಾಗಿರಬೇಕು. ಚಿಕ್ಕವನಿದ್ದಾಗ ಎಷ್ಟು ಸಲ ಆಡಿದ್ದರೂ ಇದು ನನಗೆ ಹೊಳೆದಿರಲಿಲ್ಲ!

ಮಣೆ ವಾಪಸ್ ತಂದೆ. ಗುಂಡಗೆ ಬಾಗಿದ ಉಳಿ ಕೊಂಡೆ. ಅಂಚಿನಿಂದ ತಳದ ಕಡೆಗೆ ಇಳಿಸುತ್ತಾ ಕೆತ್ತಬೇಕು, ತಳ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಅದೇ ಏಟಿನಲ್ಲಿ ಆಚೆ ಬದಿಗೆ ಹತ್ತಿಸಿದರೆ ಉಳಿ ಎಳೆಗೆ ಎದುರಾಗಿ ಮರ ಕಿತ್ತುಬರುತ್ತದೆ. ಎರಡು ಗುಳಿ ಹಾಗೆ ಹಾಳಾಗುತ್ತಿದ್ದವು, ಉಜ್ಜಿ ಉಜ್ಜಿ ಉಳಿಸಿಕೊಂಡೆ. ಉಜ್ಜಲು ಮಗಳ ಸಣ್ಣ ರಬ್ಬರ್ ಚೆಂಡಿಗೆ ಸ್ಯಾಂಡ್ ಪೇಪರ್ ಸುತ್ತಿದೆ. ಮೊದಲು 80 ನಂಬರಿನದು, ಆಮೇಲೆ 120, ಕೊನೆಗೆ 220; ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ಎರಡು ವಾರದ ಸಂಜೆಗಳು ಇದಕ್ಕೇ ಹೋದವು. ರಾತ್ರಿ 8 ಆದಮೇಲೆ ಕೊಡತಿ ಮುಟ್ಟುವುದಿಲ್ಲ, ಗೋಡೆಯಾಚೆ ಮಗು ಮಲಗಿರುತ್ತದೆ.

ಕೊನೆಯಲ್ಲಿ ಅಗಸೆ ಎಣ್ಣೆ ಹಚ್ಚಿದೆ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದೇ ಇಲ್ಲ, ಧೂಳು ಮೆತ್ತಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನೇ ಬಿಸಿಯೇರಿ ಬೆಂಕಿ ಹತ್ತಬಹುದು. ನಾನು ಹೊರಗೆ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಬಿಸಾಡುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಳೆಗಾಲದಲ್ಲಿ ಕೊಟ್ಟ ಮಣೆ ಮಾರ್ಚ್‌ನಲ್ಲಿ ನಡುವೆ ಸೀಳಿತು. ಹಲಗೆ ಸೊಟ್ಟಗಾಗದಿರಲಿ ಅಂತ ಕೆಳಗೆ ಎರಡು ಅಡ್ಡಪಟ್ಟಿಗಳನ್ನು ಫೆವಿಕಾಲ್ ಹಾಕಿ ಗಟ್ಟಿಯಾಗಿ ಅಂಟಿಸಿದ್ದೆ. ತಪ್ಪಾಗಿದ್ದು ಅಲ್ಲೇ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿ ಕುಗ್ಗುತ್ತದೆ. ಬೆಂಗಳೂರಿನ ಜುಲೈ ಗಾಳಿಯಲ್ಲಿ ತೇವ ಹೀರಿದ್ದ ಹಲಗೆ ಬೇಸಿಗೆಯಲ್ಲಿ ಒಣಗಿತು. ಅಗಲ ಕಡಿಮೆಯಾಗಬೇಕು, ಪಟ್ಟಿ ಬಿಡುತ್ತಿಲ್ಲ. ಸೀಳದೆ ಇನ್ನೇನು ಮಾಡೀತು, ಅಲ್ವಾ?

ಎರಡನೇ ಮಣೆಗೆ ಅಂಟು ಹಾಕಲಿಲ್ಲ. ಹಲಗೆಯನ್ನು ಮನೆಯೊಳಗೇ ಎರಡು ತಿಂಗಳು ಸುಮ್ನೆ ಇಟ್ಟೆ. ಪಟ್ಟಿಯಲ್ಲಿ ನಡುವೆ ಒಂದು ಗುಂಡು ತೂತು, ಎರಡು ತುದಿಯಲ್ಲಿ ಉದ್ದನೆಯ ತೂತು ಮಾಡಿ ಸ್ಕ್ರೂ ಹಾಕಿದೆ. ಮರ ಹಿಗ್ಗಿದರೂ ಕುಗ್ಗಿದರೂ ಸ್ಕ್ರೂ ಅದರೊಳಗೆ ಜರುಗುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ.

ಸೀಳಿದ ಮಣೆ ವಾಪಸ್ ಕೊಡಿ ಅಂದೆ. ಅಜ್ಜಿ ಕೊಡಲಿಲ್ಲ. "ಆ ಸೀಳಲ್ಲಿ ಬೀಜವೇನೂ ಬೀಳಲ್ಲ ಬಿಡಪ್ಪ" ಅಂದರು. ಮೊಮ್ಮಕ್ಕಳು ನಾಲ್ಕು ಜನ. ಎರಡು ಮಣೆ ಇದ್ದರೆ ಯಾರೂ ಸರದಿ ಕಾಯಬೇಕಾಗಿಲ್ಲವಂತೆ.